ಮಾತಾಡುವ ಚಿಪ್‌ಗೆ ಅಪ್ಪಣೆ ಕೊಡುವುದು ಹೇಗೆ?



ಅಂಗಡಿಯಲ್ಲಿ ಫೋನಿನಿಂದ ಹಣ ಕಟ್ಟಿದರೆ, ಅಲ್ಲಿಟ್ಟ ಡಬ್ಬಿ ಇಷ್ಟು ರೂಪಾಯಿ ಬಂತು ಅಂತ ಕೂಗಿ ಹೇಳುತ್ತದೆ. ಕಣ್ಣು ಕಾಣದ ಸಹೋದರಿ ಅಂಗಡಿ ಇಟ್ಟಿದ್ದರೆ ಅವಳಿಗೆ ಆ ದನಿಯೇ ರಶೀದಿ. ಅದು "ಒಂದು ಸಾವಿರದ..." ಅಂದು ನಡುವೆ ನಿಂತುಹೋದರೆ? ಐನೂರೋ ಐವತ್ತೋ, ಅವಳಿಗೆ ಹೇಗೆ ಗೊತ್ತಾಗಬೇಕು? ಯಂತ್ರದ ಮಾತು ಹೀಗೆ ತುಂಡಾಗದಂತೆ ಒಳಗೆ ಏನು ಏರ್ಪಾಡು ಇರುತ್ತದೆ ಅಂತ ಇಂದು ತಿಳಿಯೋಣ. ಈಗಿನ ಡಬ್ಬಿಗಳ ರಚನೆ ಬೇರೆ. ಆದರೆ ಹಳೆಯ ಒಂದು ಚಿಪ್‌ನಲ್ಲಿ ಈ ವಿಷಯ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1978ರಲ್ಲಿ ಮಕ್ಕಳಿಗೆ ಕಾಗುಣಿತ ಕಲಿಸುವ 'ಸ್ಪೀಕ್ ಅಂಡ್ ಸ್ಪೆಲ್' ಎಂಬ ಮಾತಾಡುವ ಆಟಿಕೆ ತಂದಿತು. ಅದೇ ಕಂಪನಿಯ ಮುಂದಿನ ಚಿಪ್ ಟಿಎಂಎಸ್ 5220. ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗೆ ಇದನ್ನು ಹಾಕಿ, ಸುದ್ದಿ ಓದುತ್ತಿದ್ದ ಕೆನೆತ್ ಕೆಂಡಾಲ್ ಅವರ ದನಿಯಲ್ಲಿ ಮಾತಾಡಿಸಿದ್ದರು.

ಇಲ್ಲಿ ಇಬ್ಬರ ಕೆಲಸ ಇದೆ. ಅಪ್ಪಣೆ ಕೊಡುವುದು ಕಂಟ್ರೋಲರ್, ಮಾತಾಡುವುದು ಚಿಪ್. ಇಬ್ಬರ ನಡುವೆ ಎಂಟು ತಂತಿ. ಎಂಟರಲ್ಲಿ ಯಾವುದರಲ್ಲಿ 1, ಯಾವುದರಲ್ಲಿ 0 ಅನ್ನುವುದೇ ಅಪ್ಪಣೆ. ಅಪ್ಪಣೆಗಳು ಕೆಲವೇ: "ಈ ವಿಳಾಸ ತಗೋ", "ಅಲ್ಲಿರುವುದನ್ನು ಮಾತಾಡು", "ನಾನು ಕಳಿಸೋದನ್ನು ಮಾತಾಡು", "ಎಲ್ಲ ಬಿಟ್ಟು ಹೊಸದಾಗಿ ಶುರುಮಾಡು". ಅಪ್ಪಣೆ ಇಟ್ಟ ಮೇಲೆ ಕಂಟ್ರೋಲರ್ ಸುಮ್ಮನೆ ಹೋಗುವ ಹಾಗಿಲ್ಲ. 'ರೆಡಿ' ಎಂಬ ಇನ್ನೊಂದು ತಂತಿಯಲ್ಲಿ ಚಿಪ್ ಒಪ್ಪಿಗೆ ಕೊಡುವವರೆಗೆ ಕಾಯಬೇಕು.

"ನಾನು ಕಳಿಸೋದನ್ನು ಮಾತಾಡು" ಅಂದಾಗ ಏನಾಗುತ್ತದೆ? ಹಿಟ್ಟಿನ ಗಿರಣಿ ನೆನಪು ಮಾಡಿಕೊಳ್ಳಿ. ಮೇಲೆ ಕಾಳು ಸುರಿಯುವ ಬಾಯಿ ಇರುತ್ತದೆ ಅಲ್ವಾ? ಚಿಪ್‌ನಲ್ಲೂ ಅಂಥ ಸಣ್ಣ ಜಾಗ ಇದೆ, ಹೆಸರು ಬಫರ್. ಅದರಲ್ಲಿ 16 ಬೈಟ್, ಅಂದರೆ 128 ಬಿಟ್ ಹಿಡಿಸುತ್ತದೆ. ಅರ್ಧ ದಾಟಿ ತುಂಬಿದ ಮೇಲೆಯೇ ಚಿಪ್ ಬಾಯಿ ಬಿಡುತ್ತದೆ. ಮಾತಾಡುತ್ತಾ ಅರ್ಧಕ್ಕೆ ಇಳಿದ ಕೂಡಲೇ "ಕಡಿಮೆಯಾಗ್ತಿದೆ, ಹಾಕು" ಅಂತ ಕಂಟ್ರೋಲರ್‌ಗೆ ಸೂಚನೆ ಕೊಡುತ್ತದೆ.

ಆಗ ಎಷ್ಟು ಸಮಯ ಉಳಿದಿರುತ್ತದೆ ಗೊತ್ತೇ? ಚಿಪ್ ಸೆಕೆಂಡಿಗೆ 40 ತುಣುಕು ಮಾತು ಮಾಡುತ್ತದೆ. "ಆ", "ಈ" ಥರದ ದನಿಗೆ ಒಂದೊಂದು ತುಣುಕಿಗೆ 50 ಬಿಟ್‌ವರೆಗೆ ಬೇಕು. ಮೌನಕ್ಕೆ 4 ಬಿಟ್ ಸಾಕು. ಅರ್ಧ ಬಫರಿನಲ್ಲಿರುವುದು 64 ಬಿಟ್. ಅಂದರೆ ತುಂಬು ದನಿ ಹೋಗುತ್ತಿದ್ದರೆ ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲು ಮಾತ್ರ! ಅಷ್ಟರಲ್ಲಿ ಕಂಟ್ರೋಲರ್ ಬೇರೆ ಕೆಲಸದಲ್ಲಿ ಮುಳುಗಿದ್ದರೆ ಬಫರ್ ಖಾಲಿಯಾಗಿ ಮಾತು ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಎಚ್ಚರಿಕೆಯೂ ಇದೆ. ಈ ಸ್ಥಿತಿಯಲ್ಲಿ ಕಂಟ್ರೋಲರ್ ಏನೇ ಬರೆದರೂ ಚಿಪ್ ಅದನ್ನು ಕಾಳೆಂದೇ ತಿಳಿಯುತ್ತದೆ. "ಹೊಸದಾಗಿ ಶುರುಮಾಡು" ಅಂದರೂ ಅದು ಅಪ್ಪಣೆಯಾಗದೆ ದನಿಯ ಜೊತೆ ಸೇರಿಹೋಗುತ್ತದೆ. ಆದ್ದರಿಂದ ಮಾತಿನ ಕೊನೆಯಲ್ಲಿ "ಮುಗಿಯಿತು" ಎಂಬ ಗುರುತನ್ನು ಕಳಿಸಲೇಬೇಕು.

ಈಗ ನೋಡಿ, ಮಾತು ನಿಲ್ಲಲು ಎರಡು ಕಾರಣ: ಒಂದು, ಗುರುತು ಸಿಕ್ಕಿ ಸರಿಯಾಗಿ ಮುಗಿದದ್ದು, ಎರಡು, ಕಾಳು ಸಾಲದೆ ನಡುವೆ ನಿಂತದ್ದು. ಹೊರಗೆ ಕೇಳುವವರಿಗೆ ಎರಡೂ ಬರೀ ಮೌನ. ವ್ಯತ್ಯಾಸ ತಿಳಿಯುವುದು ಕಂಟ್ರೋಲರ್‌ಗೆ ಮಾತ್ರ. ಚಿಪ್‌ನ ಸ್ಥಿತಿ ಓದಿದರೆ ಮಾತಾಡುತ್ತಿದೆಯೇ, ಅರ್ಧವಾಗಿದೆಯೇ, ಖಾಲಿಯೇ ಅನ್ನುವ ಮೂರೂ ಉತ್ತರ ಸಿಗುತ್ತವೆ. ತಾನು ಗುರುತು ಕಳಿಸುವ ಮೊದಲೇ ಮಾತು ನಿಂತಿದ್ದರೆ, ಮೊದಲಿನಿಂದ ಮತ್ತೆ ಹೇಳಿಸಬೇಕಾದದ್ದು ಅದರ ಕೆಲಸ. ಅಪ್ಪಣೆ ಕೊಟ್ಟರೆ ಸಾಲದು, ಕೇಳಿಸಿಕೊಳ್ಳಲೂ ಬೇಕು.

ಹಾಗಾಗಿ ಸಹೋದರಿಯರೇ, ಮಾತಾಡುವ ಯಂತ್ರ ಕೊಳ್ಳುವಾಗ ದನಿ ಎಷ್ಟು ಚೆನ್ನಾಗಿದೆ ಅಂತ ಮಾತ್ರ ನೋಡಬೇಡಿ. ದೊಡ್ಡ ಮೊತ್ತ ಹೇಳಿಸಿ ಕೊನೆಯವರೆಗೆ ಕೇಳಿ. ಮತ್ತೊಮ್ಮೆ ಹೇಳಿಸುವ ಗುಂಡಿ ಇದೆಯೇ ಅಂತ ವಿಚಾರಿಸಿ. ಕಣ್ಣಿರುವವರು ಪರದೆ ನೋಡಿ ಸುಧಾರಿಸಿಕೊಳ್ತೇವೆ. ಕಿವಿಯನ್ನೇ ನಂಬಿದವರಿಗೆ ಆ ಒಂದು ಗುಂಡಿ ಇಡೀ ದಿನದ ಲೆಕ್ಕ ಉಳಿಸುತ್ತದೆ.