ಸುಮ್ಮನಾಗಿಸಿದ ಎಚ್ಚರಿಕೆ
(ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಂಪ್ಯೂಟರ್ ವಿಷಯದಲ್ಲಿ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ನಾನು ಉದ್ಯೋಗಾವಕಾಶಗಳ ಬಗ್ಗೆ ಹೇಳುತ್ತೇನೆಂದು ಅವರು ನಿರೀಕ್ಷಿಸಿರಬಹುದು. ಅದನ್ನು ಹೇಳಲು ನನಗಿಂತ ಬಲ್ಲವರು ಇದ್ದಾರೆ. ನಾನು ಆರಿಸಿಕೊಂಡದ್ದು ಸಣ್ಣ ವಿಷಯ: ಡಿವೈಸ್ ಡ್ರೈವರ್ ಬರೆಯುವವನು ತಪ್ಪಿನ ಸೂಚನೆಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದು. ಸಣ್ಣದಾದರೂ ನನ್ನ ಅರ್ಧ ಆಯುಷ್ಯ ಅದರಲ್ಲೇ ಕಳೆದಿದೆ.

ಕಂಪ್ಯೂಟರಿನ ಒಳಗೆ ಎಲ್ಲವನ್ನೂ ಆಳುವ ತಂತ್ರಾಂಶದ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಪ್ರಿಂಟರ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಮುಂತಾದ ಒಂದೊಂದು ಉಪಕರಣದ ಭಾಷೆ ಒಂದೊಂದು ತೆರ. ಆ ಭಾಷೆಯನ್ನು ಕರ್ನಲ್‌ಗೆ ತಿಳಿಸುವ ದುಭಾಷಿಯೇ ಡ್ರೈವರ್. ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನಲ್ ಒಳಗಿರುವ ಡ್ರೈವರ್ ಕೆಟ್ಟರೆ ಇಡೀ ಯಂತ್ರವೇ ಕುಸಿಯಬಹುದು. 2024ರ ಜುಲೈ 19ರಂದು ಏನಾಯಿತೆಂದು ನಿಮಗೆ ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಕಂಪೆನಿಯ ರಕ್ಷಣಾ ತಂತ್ರಾಂಶದ ಡ್ರೈವರ್, 20 ಮಾಹಿತಿಗಳಷ್ಟೇ ಇದ್ದ ಪಟ್ಟಿಯಲ್ಲಿ 21ನೆಯದನ್ನು ಓದಲು ಹೋಯಿತು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಓದುವ ಮೊದಲು ಪಟ್ಟಿಯಲ್ಲಿ ಎಷ್ಟಿದೆ ಎಂದು ನೋಡುವ ಒಂದು ಸಾಲು ಅಲ್ಲಿ ಇರಲಿಲ್ಲ.

ಇದು ಹೊಸ ರೋಗವಲ್ಲ. ಲಿನಕ್ಸ್ ಕರ್ನಲ್ ಅನ್ನು ಪರೀಕ್ಷಿಸಿದ ಸ್ಟ್ಯಾನ್‌ಫರ್ಡ್ ಸಂಶೋಧಕರು, ಕೆಲವು ಬಗೆಯ ದೋಷಗಳು ಉಳಿದ ಭಾಗಕ್ಕಿಂತ ಡ್ರೈವರ್‌ಗಳಲ್ಲಿ 3ರಿಂದ 7 ಪಟ್ಟು ಹೆಚ್ಚು ಎಂದು 2001ರಲ್ಲೇ ಬರೆದಿದ್ದರು. 2008ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಲಿನಕ್ಸ್‌ನ ಕಡತ ವ್ಯವಸ್ಥೆಗಳನ್ನೂ ಮೂರು ಡಿಸ್ಕ್ ಡ್ರೈವರ್‌ಗಳನ್ನೂ ಜಾಲಾಡಿದಾಗ, 1153 ಕಡೆ, ಅಂದರೆ ಶೇಕಡಾ 13ರಷ್ಟು ಕರೆಗಳಲ್ಲಿ, ಬಂದ ತಪ್ಪಿನ ಸಂಕೇತವನ್ನು ಯಾರೂ ನೋಡದೆ ಕೈಬಿಟ್ಟಿದ್ದರು.

ಲಿನಕ್ಸ್‌ನಲ್ಲಿ ಕೆಲಸ ಕೈಗೂಡಿದರೆ ಕಾರ್ಯವು ಸೊನ್ನೆಯನ್ನು ಹಿಂದಿರುಗಿಸುತ್ತದೆ. ಕೈಗೂಡದಿದ್ದರೆ ಋಣ ಸಂಖ್ಯೆ ಬರುತ್ತದೆ: ಓದು ಬರಹ ವಿಫಲವಾದರೆ ಮೈನಸ್ 5, ಮೆಮೊರಿ ಸಿಗದಿದ್ದರೆ ಮೈನಸ್ 12, ಕೇಳಿದ್ದು ಬೇರೆಯವರ ಬಳಿ ಇದ್ದರೆ ಮೈನಸ್ 16. ಈ ಮೈನಸ್ 16ರ ಬಗ್ಗೆ ನನ್ನದೇ ಒಂದು ಕಥೆ ಇದೆ.

ಸುಮಾರು ಹದಿನೈದು ವರ್ಷಗಳ ಹಿಂದೆ ನಾನೊಂದು ಕಂಪೆನಿಯಲ್ಲಿದ್ದೆ. ಅಳತೆಯ ಉಪಕರಣದಿಂದ ಕಂಪ್ಯೂಟರಿಗೆ ಮಾಹಿತಿ ತರುವ ಕಾರ್ಡೊಂದಕ್ಕೆ ಡ್ರೈವರ್ ಬರೆಯುವ ಕೆಲಸ ನನ್ನದು. ಮಾಹಿತಿ ಸಿದ್ಧವಾದಾಗ ಕಾರ್ಡು ಒಂದು ಗಂಟೆ ಬಾರಿಸುತ್ತದೆ, ಅದೇ ಇಂಟರಪ್ಟ್. ಆ ಗಂಟೆಯ ತಂತಿಯನ್ನು ಡ್ರೈವರ್ ಮೊದಲೇ ಕೇಳಿ ಪಡೆಯಬೇಕು. ಒಂದೇ ತಂತಿಯನ್ನು ಎರಡು ಕಾರ್ಡುಗಳು ಹಂಚಿಕೊಳ್ಳಬಹುದು, ಆದರೆ ಇಬ್ಬರೂ ಒಪ್ಪಿರಬೇಕು. ನಾನು ಒಪ್ಪಿಗೆ ಬರೆದಿರಲಿಲ್ಲ. ತಂತಿ ಸಿಕ್ಕಿತೋ ಇಲ್ಲವೋ ಎಂದು ನೋಡಿರಲೂ ಇಲ್ಲ. ಉತ್ತರವನ್ನು ನೋಡಲೇಬೇಕೆಂದು ಆ ಕಾರ್ಯದ ಮೇಲೆ ಗುರುತು ಹಾಕಿದ್ದರಿಂದ ಕಂಪೈಲರ್ ಎಚ್ಚರಿಕೆ ಕೊಟ್ಟಿತು. ನಾನು ಮಾಡಿದ್ದಿಷ್ಟೇ: ಉತ್ತರವನ್ನು ಒಂದು ವೇರಿಯಬಲ್‌ನಲ್ಲಿ ಹಾಕಿ ಮುಂದೆ ಹೋದೆ. ಎಚ್ಚರಿಕೆ ಮಾಯವಾಯಿತು. ನಮ್ಮ ಆಫೀಸಿನ ಯಂತ್ರಗಳಲ್ಲಿ ಕಾರ್ಡಿಗೆ ತನ್ನದೇ ತಂತಿ ಇತ್ತು, ಎಲ್ಲವೂ ಚೆನ್ನಾಗಿ ನಡೆಯಿತು.

ಗ್ರಾಹಕರ ಪ್ರಯೋಗಾಲಯದಲ್ಲಿ ಆ ತಂತಿಯನ್ನು ಬೇರೊಂದು ಕಾರ್ಡು ಹಿಡಿದಿತ್ತು. ಮೈನಸ್ 16 ಬಂತು, ನನ್ನ ಡ್ರೈವರ್ ಅದನ್ನು ಜೇಬಿಗೆ ಹಾಕಿಕೊಂಡು ‘ಕಾರ್ಡ್ ಸಿದ್ಧ’ ಎಂದು ಮುದ್ರಿಸಿತು. ಒಂದು ಅಳತೆಯೂ ಬರಲಿಲ್ಲ. ಕಾರ್ಡು ಕೂರಿಸಿದ ಯುವ ತಂತ್ರಜ್ಞ ಮೂರು ದಿನ ಕೇಬಲ್ ಬಿಚ್ಚಿ ಕಟ್ಟಿ ಸೋತ. ಅವನಿಗೆ ಕೆಲಸ ಬರುವುದಿಲ್ಲ ಎಂದು ಅಲ್ಲಿಯ ಮೇಲಧಿಕಾರಿ ಬೈದರಂತೆ. ಡ್ರೈವರ್ ಪರೀಕ್ಷೆ ಆಗಿದೆ, ವೈರಿಂಗ್ ನೋಡಿ ಎಂದು ನಾನೂ ಫೋನಿನಲ್ಲಿ ಹೇಳಿದ್ದೆ.

ವಿಚಿತ್ರವೆಂದರೆ ಕರ್ನಲ್ ತಾನಾಗಿಯೇ ಒಂದು ಸಾಲು ಬರೆದಿತ್ತು, ತಂತಿಯ ವಿಷಯದಲ್ಲಿ ಇಬ್ಬರ ಷರತ್ತು ಹೊಂದುತ್ತಿಲ್ಲ ಎಂದು. ಆದರೆ ಕರ್ನಲ್‌ನ ಸಂದೇಶ ಕೂಡಿಡುವ ಜಾಗ ನಿಗದಿತ ಅಳತೆಯದು. ತುಂಬಿದರೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ನನ್ನ ಡ್ರೈವರ್ ಕ್ಷಣಕ್ಕೊಂದು ಸ್ಥಿತಿಯ ಸಾಲು ಮುದ್ರಿಸಿ ಆ ಒಂದು ಮಾತನ್ನು ಕೊಚ್ಚಿಹಾಕಿತ್ತು. ನಾಲ್ಕನೇ ದಿನ ಡಿಸ್ಕಿನಲ್ಲಿದ್ದ ಹಳೆಯ ಲಾಗ್ ಕಡತ ತರಿಸಿ ಓದಿದಾಗ ಅದು ಸಿಕ್ಕಿತು. ಆ ಹುಡುಗನಿಗೆ ಫೋನ್ ಮಾಡಿ ತಪ್ಪು ನನ್ನದೆಂದೆ. ಅವನು ಸಿಟ್ಟಾಗಲಿಲ್ಲ. “ಸರ್, ಕೇಬಲ್ ಸರಿಯಾಗಿತ್ತು ಅಂತ ನಮ್ಮ ಸಾಹೇಬರಿಗೆ ಒಂದು ಮಾತು ಬರೀತೀರಾ?” ಎಂದ. ನನ್ನ ಹೆಸರಿನಲ್ಲೇ ಬರೆದೆ. ನಮ್ಮ ಮ್ಯಾನೇಜರಿಗೆ ಅದು ಹಿಡಿಸಲಿಲ್ಲ, ಅದು ಬೇರೆ ಮಾತು.

ಆಮೇಲೆ ಕಲಿತದ್ದನ್ನು ನಿಮಗೆ ಹೇಳುತ್ತೇನೆ. ತಪ್ಪು ಬಂದಾಗ ನಿಲ್ಲುವುದಷ್ಟೇ ಸಾಲದು, ಅಲ್ಲಿಯವರೆಗೆ ಪಡೆದದ್ದನ್ನು ತಿರುಗಾ ಕೊಡಬೇಕು. ಸಮಾರಂಭಕ್ಕೆ ಮೊದಲು ಹಾಲ್, ಆಮೇಲೆ ಶಾಮಿಯಾನ, ಆಮೇಲೆ ಮೈಕ್ ಗೊತ್ತುಮಾಡುತ್ತೇವೆ. ಮೈಕಿನವನು ಕೈಕೊಟ್ಟು ಸಮಾರಂಭವೇ ನಿಂತರೆ ಶಾಮಿಯಾನ ಬಿಚ್ಚಿಸಿ, ನಂತರ ಹಾಲ್ ಬಿಟ್ಟುಕೊಡಬೇಕು. ಡ್ರೈವರ್‌ನಲ್ಲೂ ಪಡೆದ ಕ್ರಮಕ್ಕೆ ತಲೆಕೆಳಗಾಗಿ ಬಿಡುಗಡೆ. ನಿಮ್ಮ ಉಪನ್ಯಾಸಕರು ‘ಗೋಟು’ ಬಳಸಬೇಡಿ ಎಂದು ಹೇಳಿರುತ್ತಾರೆ. ಕರ್ನಲ್‌ನಲ್ಲಿ ಮಾತ್ರ ಈ ಬಿಡುಗಡೆಗೆ ಗೋಟುವೇ ರೂಢಿ, ಅದು ಓದಲೂ ಸುಲಭ. ‘ಡೆವ್ಎಂ’ ಎಂದು ಆರಂಭವಾಗುವ ಕಾರ್ಯಗಳನ್ನು ಬಳಸಿದರೆ ಈ ಕೆಲಸವನ್ನು ಕರ್ನಲ್ಲೇ ಮಾಡಿಕೊಳ್ಳುತ್ತದೆ.

ಎಲ್ಲ ತಪ್ಪೂ ತಪ್ಪಲ್ಲ ಎಂಬುದನ್ನೂ ನೆನಪಿಡಿ. ಮೈನಸ್ 517 ಎಂದರೆ ‘ನನಗೆ ಬೇಕಾದ ಇನ್ನೊಂದು ಡ್ರೈವರ್ ಇನ್ನೂ ಬಂದಿಲ್ಲ, ಆಮೇಲೆ ಕರೆಯಿರಿ’ ಎಂದಷ್ಟೇ. ಅದಕ್ಕೆ ಕೆಂಪು ಅಕ್ಷರದಲ್ಲಿ ಕೂಗಿದರೆ ಬಳಕೆದಾರ ಸುಮ್ಮನೆ ಹೆದರುತ್ತಾನೆ. ಸಂದೇಶಗಳಿಗೆ 0ಯಿಂದ 7ರವರೆಗೆ ಎಂಟು ದರ್ಜೆಗಳಿವೆ. 0 ಎಂದರೆ ಯಂತ್ರ ಮುಳುಗುತ್ತಿದೆ, 3 ತಪ್ಪು, 4 ಎಚ್ಚರಿಕೆ, 7 ಬರೆದವನ ಪರೀಕ್ಷೆಗೆ ಮಾತ್ರ. ನನ್ನ ಸ್ಥಿತಿಯ ಸಾಲುಗಳು 7ರಲ್ಲಿ ಇರಬೇಕಾಗಿತ್ತು. ಮತ್ತೆ ಮತ್ತೆ ಬರಬಹುದಾದ ಸಂದೇಶಕ್ಕೆ ಮಿತಿ ಹಾಕುವ ಸೌಲಭ್ಯವೂ ಇದೆ. ಸಾಮಾನ್ಯವಾಗಿ 5 ಸೆಕೆಂಡಿಗೆ 10 ಸಾಲು ದಾಟಿದರೆ ಉಳಿದದ್ದನ್ನು ಅದು ತಡೆಯುತ್ತದೆ.

ಇನ್ನೊಂದು ಮಾತು. ನಡೆಯಲೇಬಾರದ್ದು ನಡೆದಾಗ ಬಳಸಲು ‘ಬಗ್ ಆನ್’, ‘ವಾರ್ನ್ ಆನ್’ ಎಂಬ ಎರಡು ದಾರಿಗಳಿವೆ. ಮೊದಲನೆಯದು ಅಲ್ಲಿಯೇ ಕೆಲಸ ಕೊಂದುಹಾಕುತ್ತದೆ, ಹಲವು ಸಲ ಯಂತ್ರವೂ ಅದರೊಂದಿಗೆ ಹೋಗುತ್ತದೆ. ಎರಡನೆಯದು ಎಲ್ಲಿಂದ ಎಲ್ಲಿಗೆ ಬಂದೆವೆಂಬ ಜಾಡನ್ನು ಬರೆದು ಮುಂದುವರಿಯುತ್ತದೆ. ಮೊದಲನೆಯದನ್ನು ಹೊಸದಾಗಿ ಸೇರಿಸುವವರನ್ನು ಲಿನಸ್ ಟೊರ್ವಾಲ್ಡ್ಸ್ ಹಲವು ಸಲ ಗದರಿಸಿದ್ದಾರೆ. ಆದರೆ ಎರಡನೆಯದೂ ಆಟಿಕೆಯಲ್ಲ. ಎಚ್ಚರಿಕೆ ಬಂದೊಡನೆ ಯಂತ್ರವನ್ನೇ ನಿಲ್ಲಿಸುವಂತೆ ಕೆಲವರು ವ್ಯವಸ್ಥೆ ಮಾಡಿಕೊಂಡಿರುತ್ತಾರೆ. ಬಳಕೆದಾರ ತಪ್ಪು ಅಂಕಿ ಕೊಟ್ಟದ್ದಕ್ಕೆಲ್ಲ ಅದನ್ನು ಬಳಸಿದರೆ, ಯಾರು ಬೇಕಾದರೂ ಆ ಯಂತ್ರ ಕೆಡವಬಹುದು. ಅಂಥಲ್ಲಿ ಋಣ ಸಂಖ್ಯೆ ಹಿಂದಿರುಗಿಸಿದರೆ ಸಾಕು.

ವಿದ್ಯಾರ್ಥಿಗಳೇ, ನಿಮ್ಮ ಕಾಲೇಜಿನ ಲಿನಕ್ಸ್ ಯಂತ್ರದಲ್ಲಿ ಇಂದೇ ಟರ್ಮಿನಲ್ ತೆರೆದು ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರ ಒತ್ತಿ ನೋಡಿ. ಕೆಲವು ಕಡೆ ನಿರ್ವಾಹಕರ ಪಾಸ್‌ವರ್ಡ್ ಬೇಕಾಗುತ್ತದೆ, ಲ್ಯಾಬಿನವರನ್ನು ಕೇಳಿ. ಡಿಸ್ಕಿನ ಹೆಸರಿನ ಪಕ್ಕದಲ್ಲಿ ‘ಐ-ಓ ಎರರ್’ ಎಂಬ ಸಾಲು ಕಂಡರೆ ಕೇಬಲ್, ಡಿಸ್ಕ್ ಎಂದು ಹುಡುಕುತ್ತಾ ಕೂರಬೇಡಿ. ಮೊದಲು ಪ್ರಾಜೆಕ್ಟಿನ ಕಡತಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ, ಹುಡುಕಾಟ ಆಮೇಲೆ.