ಕ್ಲಚ್ ಕೈಕೊಟ್ಟ ದಿನ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ಸಭೆಯಲ್ಲಿ "ಎಷ್ಟು ಜನ ಕಾರು ಓಡಿಸ್ತೀರಿ?" ಎಂದು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು. "ಬಾನೆಟ್ ತೆಗೆದು ನೋಡುವವರು?" ಎಂದಾಗ ಎಲ್ಲ ಕೈಗಳೂ ಇಳಿದವು. ಎರಡು ವರ್ಷದ ಹಿಂದೆ ಆಗಿದ್ದರೆ ನನ್ನ ಕೈಯೂ ಇಳಿಯುತ್ತಿತ್ತು.

ಆ ದಿನ ಅತ್ತೆಯವರನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದೆ. ಪುಣೆಯ ಸ್ವಾರ್‌ಗೇಟ್ ಸಿಗ್ನಲ್ಲಿನಲ್ಲಿ ಹಸಿರು ಬಂತು. ಕ್ಲಚ್ ಒತ್ತಿದೆ. ಪೆಡಲ್ ಮೆತ್ತಗೆ ಕೆಳಗೆ ಹೋಗಿ ಅಲ್ಲೇ ಉಳಿಯಿತು. ಗೇರ್ ಬೀಳಲಿಲ್ಲ. ಹಿಂದೆ ಹಾರ್ನ್‌ಗಳ ಗದ್ದಲ. ಇಬ್ಬರು ರಿಕ್ಷಾದವರು ಇಳಿದು ಬಂದು ಕಾರನ್ನು ಬದಿಗೆ ತಳ್ಳಿಕೊಟ್ಟರು.

ಹತ್ತಿರದ ಗ್ಯಾರೇಜಿನವನು ಬಂದ. ಬಾನೆಟ್ ಕೂಡ ತೆಗೆಯದೆ, ಪೆಡಲ್ ಒಮ್ಮೆ ಒತ್ತಿ ನೋಡಿ, "ಕ್ಲಚ್ ಪ್ಲೇಟ್ ಹೋಗಿದೆ, ಪೂರ್ತಿ ಸೆಟ್ ಹಾಕಬೇಕು, 14,000 ಆಗುತ್ತೆ. ಸಾಹೇಬರಿಗೆ ಫೋನ್ ಮಾಡಿ, ನಾನೇ ಮಾತಾಡ್ತೀನಿ" ಎಂದ. ನಾನು ಒಪ್ಪಿಕೊಳ್ಳುವುದರಲ್ಲಿದ್ದೆ. ಆಗ ಹಿಂದಿನ ಸೀಟಿನಿಂದ ಅತ್ತೆ, "ಏನೇ, ನಲ್ಲಿಯ ವಾಷರ್ ಹೋದ್ರೆ ಮನೆಯ ಪೈಪೆಲ್ಲಾ ಕೀಳಿಸ್ತಾರಾ? ಎಲ್ಲಿ ಹಾಳಾಗಿದೆ ಅಂತ ಮೊದಲು ತೋರಿಸಲಿ" ಎಂದರು.

ಅವನು ತೋರಿಸಲಿಲ್ಲ. ನಮ್ಮ ಸಂಘದ ಗೆಳತಿಯೊಬ್ಬರಿಗೆ ಫೋನ್ ಮಾಡಿದೆ. ಅವರು ತಮ್ಮ ಪರಿಚಯದ ಹಿರಿಯ ಮೆಕ್ಯಾನಿಕ್‌ರನ್ನು ಕಳಿಸಿದರು. ನಾನು ಕಲಿತದ್ದೆಲ್ಲ ಅವರಿಂದಲೇ.

ಕ್ಲಚ್ಚಿನಲ್ಲಿ ಎರಡು ಬಗೆ. ಕೆಲವು ಕಾರುಗಳಲ್ಲಿ ಪೆಡಲ್ಲಿನಿಂದ ಕೇಬಲ್ ಹೋಗುತ್ತದೆ. ನನ್ನದರಂಥ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಕೇಬಲ್ ಬದಲು ಆಯಿಲ್. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪಿನಲ್ಲಿ ದೂಡುತ್ತದೆ. ಗೇರ್‌ಬಾಕ್ಸ್ ಬಳಿಯ ಸ್ಲೇವ್ ಸಿಲಿಂಡರ್ ಆ ಒತ್ತಡದಿಂದ ಕ್ಲಚ್ಚನ್ನು ಬಿಡಿಸುತ್ತದೆ. ಆಯಿಲ್ ಸೋರಿದರೆ, ಅಥವಾ ಪೈಪಿನೊಳಗೆ ಗಾಳಿ ಸೇರಿದರೆ, ಕಾಲು ಒತ್ತಿದ್ದು ಅಲ್ಲಿಗೆ ತಲುಪುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಪ್ಲೇಟ್ ಸವೆದರೆ ಕ್ಲಚ್ ಸರಿಯಾಗಿ *ಹಿಡಿಯುವುದಿಲ್ಲ*: ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಏರು ಹತ್ತುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಆಯಿಲ್ ತೊಂದರೆಯಾದರೆ ಕ್ಲಚ್ *ಬಿಡುವುದಿಲ್ಲ*: ಎಂಜಿನ್ ಚಾಲೂ ಇದ್ದಾಗ ಗೇರ್ ಬೀಳದು, ರಿವರ್ಸ್ ಹಾಕುವಾಗ ಕರಕರ ಸದ್ದು, ಎಂಜಿನ್ ಆಫ್ ಮಾಡಿದರೆ ಅದೇ ಗೇರ್ ಸಲೀಸಾಗಿ ಬೀಳುತ್ತದೆ. ಪೆಡಲನ್ನು ಎರಡು ಮೂರು ಸಲ ಬೇಗ ಬೇಗ ಒತ್ತಿದಾಗ ಸ್ವಲ್ಪ ಬಿಗಿಯಾದರೆ ಮೊದಲ ಅನುಮಾನ ಆಯಿಲ್ ಅಥವಾ ಗಾಳಿಯ ಮೇಲೆ. ಒತ್ತಿ ಹಿಡಿದರೆ ಪೆಡಲ್ ನಿಧಾನವಾಗಿ ಕುಸಿಯುತ್ತಾ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿರಬಹುದು.

ಆ ಮೆಕ್ಯಾನಿಕ್ ಬಾನೆಟ್ ತೆಗೆದು ಆಯಿಲ್ ಡಬ್ಬಿ ತೋರಿಸಿದರು. ಕನಿಷ್ಠ ಗೆರೆಗಿಂತ ಕೆಳಗಿತ್ತು. ಪೆಡಲ್ ಬಳಿಯ ಕಾರ್ಪೆಟ್ ಮುಟ್ಟಿ ನೋಡಿದರು: ಒಣಗಿತ್ತು, ಅಂದರೆ ಮಾಸ್ಟರ್ ಸಿಲಿಂಡರ್ ಹೊರಗೆ ಸೋರಿಲ್ಲ. ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿದಾಗ ಆಯಿಲ್ ತೊಟ್ಟಿಕ್ಕಿತು. ಅದೇ ಕಳ್ಳ. ಹೊಸ ಸ್ಲೇವ್ ಸಿಲಿಂಡರ್ ಹಾಕಿ, ಗಾಳಿ ತೆಗೆದು, ಒಟ್ಟು ಖರ್ಚು 1,800 ರೂಪಾಯಿ.

ಗಾಳಿ ತೆಗೆಯಲು ಪೆಡಲ್ ಒತ್ತಿದವಳು ನಾನೇ! ನಾನು ಒತ್ತಿ ಹಿಡಿದಾಗ ಅವರು ಕೆಳಗಿನ ನಿಪ್ಪಲ್ ಸಡಿಲಿಸುತ್ತಿದ್ದರು. ಗುಳ್ಳೆ ಸಮೇತ ಆಯಿಲ್ ಹೊರಬರುತ್ತಿತ್ತು. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ನಾನು ಪೆಡಲ್ ಬಿಡಬೇಕು, ಇಲ್ಲವಾದರೆ ಮತ್ತೆ ಗಾಳಿ ಒಳಗೆ. ಡಬ್ಬಿ ಖಾಲಿಯಾಗದಂತೆ ನಡುನಡುವೆ ತುಂಬಿಸುತ್ತಿದ್ದರು. ಗುಳ್ಳೆ ನಿಂತಿತು, ಪೆಡಲ್ ಗಟ್ಟಿಯಾಯಿತು.

ಈಗ ನನ್ನ ತಪ್ಪು ಹೇಳುತ್ತೇನೆ. ಹದಿನೈದು ದಿನದಿಂದ ಬೆಳಗ್ಗೆ ರಿವರ್ಸ್ ಕರಕರ ಎನ್ನುತ್ತಿತ್ತು. ಹಿಂದಿನ ವಾರ ಗಾಡಿ ತೊಳೆಯುವ ಹುಡುಗ "ಆಯಿಲ್ ಕಡಿಮೆ ಇದೆ" ಎಂದು ತುಂಬಿಸಿದ್ದ. ಅದು ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ. ಇದು ಪೆಟ್ರೋಲಿನಂತೆ ಉರಿದು ಹೋಗುವ ವಸ್ತುವಲ್ಲ. ಬ್ರೇಕ್ ಪ್ಯಾಡ್ ಸವೆದಂತೆ ಮಟ್ಟ ನಿಧಾನವಾಗಿ ಸ್ವಲ್ಪ ಇಳಿಯುವುದುಂಟು. ವಾರದಲ್ಲಿ ಇಳಿದರೆ ಸೋರಿಕೆಯೇ. ಹಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಅದೊಂದೇ ಡಬ್ಬಿ. ಕ್ಲಚ್ಚಿನ ಕೊಳವೆ ಸಾಮಾನ್ಯವಾಗಿ ಮೇಲ್ಮಟ್ಟದಲ್ಲಿರುವುದರಿಂದ ಮೊದಲು ಕ್ಲಚ್ ಸೋಲುತ್ತದೆ, ಬ್ರೇಕ್ ಉಳಿಯುತ್ತದೆ. ಆದರೆ ಅದನ್ನೇ ನಂಬಿ ಓಡಿಸಬೇಡಿ. ಬ್ರೇಕ್ ಪೆಡಲ್ಲೂ ಮೆತ್ತಗಾದರೆ ಗಾಡಿ ಅಲ್ಲೇ ನಿಲ್ಲಲಿ.

ತುಂಬಿಸುವಾಗ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲನ್ನೇ, ಸೀಲ್ ಒಡೆಯದ ಡಬ್ಬಿಯಿಂದ ಹಾಕಿಸಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ.

ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಒಳಗಡೆ ಇರುತ್ತದೆ. ಅದಕ್ಕಾಗಿ ಗೇರ್‌ಬಾಕ್ಸ್ ಇಳಿಸಲೇಬೇಕು. ಆಗ ಹಳೆಯ ಪ್ಲೇಟನ್ನೂ ಬದಲಿಸಿ ಎಂದರೆ ಅದು ನ್ಯಾಯವಾದ ಮಾತು. ಎಲ್ಲ ಮೆಕ್ಯಾನಿಕ್‌ಗಳೂ ಮೋಸಗಾರರಲ್ಲ. ಎಲ್ಲಿ ಹಾಳಾಗಿದೆ ಎಂದು ತೋರಿಸಿ ಎನ್ನುವುದಷ್ಟೇ ನಮ್ಮ ಕೆಲಸ. ಸಾಹೇಬರಿಗೆ ಫೋನ್ ಮಾಡಬೇಕಾಗಿಲ್ಲ.

ಸಭೆ ಮುಗಿದ ಮೇಲೆ ಕೆಳಗೆ ನನ್ನ ಕಾರಿನ ಬಾನೆಟ್ ತೆಗೆದಿಡುತ್ತೇನೆ. ಬಂದು ಆ ಡಬ್ಬಿ ಎಲ್ಲಿದೆ ನೋಡಿ, ಕಾಫಿ ಆಮೇಲೆ.