ತಲೆಯ ಮೇಲಿನ ಕಲ್ನಾರು



ಹಿಮ ಬೀಳುವ ದೇಶಗಳಲ್ಲಿ ಮನೆ ಕಟ್ಟುವವರು ಚಳಿಯನ್ನು ತಡೆಯುವುದಕ್ಕಾಗಿ ಗೋಡೆಗಳ ಪೊಳ್ಳಿನಲ್ಲಿಯೂ ಅಟ್ಟದ ಮೇಲೆಯೂ ಉಷ್ಣರೋಧಕವಾದ ಪದಾರ್ಥವನ್ನು ತುಂಬುವ ರೂಢಿಯುಂಟು. ಆ ಪದಾರ್ಥದಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿರಬಹುದೆಂಬ ಆತಂಕವು ಅಲ್ಲಿನ ಹಳೆಯ ಮನೆಗಳ ಒಡೆಯರನ್ನು ಕಾಡುತ್ತಿದೆ. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಲ್ಲಿ ಗೋಡೆಗೆ ಇಂತಹ ಒಳಹೊದಿಕೆ ಹಾಕುವ ಪದ್ಧತಿಯಿಲ್ಲ. ಬಿಸಿಲು ಮಳೆಗಳನ್ನು ತಡೆಯುವ ಭಾರವೆಲ್ಲ ಇಲ್ಲಿ ಸೂರಿನದು. ಆದುದರಿಂದ ಕಲ್ನಾರನ್ನು ನಾವು ಮೊದಲು ಹುಡುಕಬೇಕಾದುದು ತಲೆಯ ಮೇಲೆ.

ನಾಡಹೆಂಚಿನ ಮಾಡುಗಳೂ ಮಂಗಳೂರು ಹೆಂಚಿನ ಮಾಡುಗಳೂ ಜೀರ್ಣವಾಗುತ್ತ ಬಂದಂತೆ, ಹೆಚ್ಚು ಮರಮುಟ್ಟು ಬೇಡದ, ತುಕ್ಕು ಹಿಡಿಯದ, ಬೆಂಕಿಗೆ ಅಂಜದ, ಬೆಲೆಯಲ್ಲಿಯೂ ಅಗ್ಗವಾದ ಬೂದುಬಣ್ಣದ ಅಲೆಶೀಟು ಕೊಟ್ಟಿಗೆಗೂ ಆಲೆಮನೆಗೂ ರೇಷ್ಮೆಹುಳು ಸಾಕುವ ಮನೆಗೂ ಕೊನೆಗೆ ವಾಸದ ಮನೆಗೂ ಏರಿತು. ಬೇಸಗೆಯಲ್ಲಿ ಅದರ ಕಾವನ್ನು ತಾಳಲಾರದೆ ಮೇಲೆ ತೆಂಗಿನ ಗರಿ ಹೊದಿಸಿ, ಕಲ್ಲು ಹೇರಿರುವುದನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಚರಿಸಿದವರೆಲ್ಲ ಕಂಡಿರುತ್ತಾರೆ. ಜನರು ಅದನ್ನು ಸಿಮೆಂಟ್ ಶೀಟು ಎಂದು ಕರೆಯುವುದರಿಂದಲೋ ಏನೋ, ಅದರಲ್ಲಿ ಸಿಮೆಂಟಿನ ಹೊರತು ಬೇರೊಂದು ವಸ್ತುವೂ ಇದೆಯೆಂಬುದು ಅನೇಕರ ಗಮನಕ್ಕೆ ಬಂದಿಲ್ಲ.

ಆ ವಸ್ತುವು ಕಾರ್ಖಾನೆಯ ಸೃಷ್ಟಿಯಲ್ಲ. ಭೂಮಿಯೊಳಗಿನ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಮಾರ್ಪಟ್ಟ ಕೆಲವು ಪ್ರಾಚೀನ ಶಿಲೆಗಳ ಬಿರುಕುಗಳಲ್ಲಿ ನಾರಿನಂತೆ ಬೆಳೆಯುವ ಖನಿಜ. ಕೃಷ್ಣರಾಜಪೇಟೆಗೆ ನೆರೆಯಾದ ಹೊಳೆನರಸೀಪುರದ ಶಿಲಾವಲಯದಲ್ಲಿಯೂ ಅದು ದೊರೆಯುತ್ತದೆ. ಗಾಜಿನ ನಾರು ಮುರಿದಾಗ ಅಡ್ಡಡ್ಡಲಾಗಿ ತುಂಡಾಗಿ ಗಿಡ್ಡವಾಗುವುದು. ಕಲ್ನಾರಿನ ಎಳೆಯಾದರೋ ಉದ್ದುದ್ದಕ್ಕೆ ಸೀಳುತ್ತ, ಸೀಳಿದಷ್ಟೂ ಸೂಕ್ಷ್ಮವಾಗುತ್ತ, ಕಡೆಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಗಾಳಿಯಲ್ಲಿ ತೇಲುವುದು. ಉಸಿರಿನೊಡನೆ ಶ್ವಾಸಕೋಶದ ತಳವನ್ನು ಸೇರಿದ ಆ ಎಳೆಯನ್ನು ಕರಗಿಸುವ ಶಕ್ತಿ ದೇಹಕ್ಕೆ ಇಲ್ಲವಾದ್ದರಿಂದ, ಅದು ಅಲ್ಲಿಯೇ ನಿಂತು ಉರಿಯೂತವನ್ನು ಉಂಟುಮಾಡಿ, ಆಸ್ಬೆಸ್ಟೋಸಿಸ್ ಎಂಬ ಶ್ವಾಸಕೋಶದ ಬಿಗಿತಕ್ಕೂ, ಶ್ವಾಸಕೋಶದ ಕ್ಯಾನ್ಸರಿಗೂ, ಎದೆಯ ಒಳಪೊರೆಯ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಧೂಳು ಕುಡಿದ ದಿನಕ್ಕೂ ರೋಗ ತಲೆಯೆತ್ತುವ ದಿನಕ್ಕೂ ನಡುವೆ ೨೦ರಿಂದ ೫೦ ವರ್ಷಗಳ ಅಂತರವಿರುವುದುಂಟು. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವು ಇನ್ನೂ ಹಲವು ಪಟ್ಟು ಹೆಚ್ಚುವುದು. ೧೯೬೦ರಲ್ಲಿ ವ್ಯಾಗ್ನರ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾದ ಗಣಿಸೀಮೆಯಿಂದ ಪ್ರಕಟಿಸಿದ ವರದಿಯು, ಗಣಿಗೆ ಇಳಿದವರಲ್ಲದೆ ಗಣಿಯ ಸಮೀಪದಲ್ಲಿ ವಾಸವಾಗಿದ್ದವರಿಗೂ ಮೀಸೋಥೀಲಿಯೋಮಾ ತಗಲಿದುದನ್ನು ಲೋಕಕ್ಕೆ ತಿಳಿಸಿತು. ಇಂದು ೬೦ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನಮ್ಮ ಸರ್ವೋಚ್ಚ ನ್ಯಾಯಾಲಯವು ೧೯೯೫ರ ತೀರ್ಪಿನಲ್ಲಿ, ಕಾರ್ಮಿಕನ ಆರೋಗ್ಯವು ಜೀವಿಸುವ ಹಕ್ಕಿನಲ್ಲಿಯೇ ಅಡಕವಾದುದೆಂದು ಸಾರಿ, ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಗಳನ್ನು ದೀರ್ಘಕಾಲ ರಕ್ಷಿಸಬೇಕೆಂದು ವಿಧಿಸಿತು. ಆದರೂ ಬಿಳಿಯ ಕಲ್ನಾರನ್ನು ಹೊರದೇಶಗಳಿಂದ ತರಿಸಿ ಶೀಟು ಮಾಡುವುದು ನಮ್ಮಲ್ಲಿ ನಿಂತಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಏಣಿ ಹತ್ತದೆ, ಏನನ್ನೂ ಮುಟ್ಟದೆ, ಸೂರಿನ ಅಂಚನ್ನು ಸಾವಧಾನವಾಗಿ ನೋಡಬೇಕು. ಭಾರತೀಯ ಮಾನಕಕ್ಕೆ ಅನುಸಾರವಾದ ಕಲ್ನಾರು ಶೀಟಿನ ದಪ್ಪ ಸುಮಾರು ೬ ಮಿಲಿಮೀಟರು. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ೧೪೬ ಮಿಲಿಮೀಟರು, ಅಲೆಯ ಆಳ ೪೮. ಮಳೆ ಬಿಸಿಲುಗಳಿಗೆ ಬೆಂದ ಹಳೆಯ ಶೀಟಿನ ಮೈ ಒರಟಾಗಿ, ಮೇಲೆ ಕಪ್ಪು ಪಾಚಿ ಕಟ್ಟಿ, ಮುಕ್ಕಾದ ಅಂಚಿನಲ್ಲಿ ಬೆಳ್ಳನೆಯ ನವುರಾದ ಎಳೆಗಳು ಒಮ್ಮೊಮ್ಮೆ ಕಾಣುವುವು. ಸೂರಿನ ನೀರು ಬೀಳುವ ಗೆರೆಯಲ್ಲಿ ಶೀಟಿನಿಂದ ಕಳಚಿದ ಬೂದು ಪುಡಿ ನಿಂತಿರುವುದೂ ಉಂಟು. ಬಣ್ಣ ಬಳಿದುದರಿಂದ ಸಂಶಯ ಬಂದರೆ ಬರಿಯ ಒಂದು ಅಯಸ್ಕಾಂತ ಸಾಕು: ಕಬ್ಬಿಣದ ತಗಡಾದರೆ ಅಂಟಿಕೊಳ್ಳುವುದು, ಸಿಮೆಂಟ್ ಶೀಟಾದರೆ ಅಂಟದು. ಇಷ್ಟರ ಮೇಲೆ ಮನೆಯ ಹಿರಿಯರನ್ನು, ಶೀಟು ಹೊದಿಸಿದ ಮೇಸ್ತ್ರಿಯನ್ನು, ಅದು ಯಾವ ವರ್ಷದ್ದೆಂದು ಕೇಳಬೇಕು. ಕಲ್ನಾರಿಲ್ಲದ ಸಿಮೆಂಟ್ ಶೀಟುಗಳು ಇತ್ತೀಚಿನವು, ಹಳೆಯ ಶೀಟನ್ನು ಕಲ್ನಾರಿನದೆಂದೇ ಭಾವಿಸುವುದು ಕ್ಷೇಮ.

ಸೂರಿನ ಹೊರತಾಗಿಯೂ ಸಂಶಯಕ್ಕೆ ಎಡೆಗಳಿವೆ. ಹಳೆಯ ಬಾಯ್ಲರುಗಳ, ಹಬೆಯ ಕೊಳವೆಗಳ ಮೇಲೆ ಸುಣ್ಣದ ಗಾರೆಯಂತೆ ಬಳಿದು ಬಟ್ಟೆ ಸುತ್ತಿದ ಬಿಳಿಯ ಹೊದಿಕೆ, ಒಲೆಬಾಗಿಲಿನ ಸುತ್ತ ಬಿಗಿದ ಬೂದುಬಿಳುಪಿನ ಹೆಣೆದ ಹಗ್ಗ, ಹಳೆಯ ಕಟ್ಟಡಗಳ ಒಳಚಾವಣಿಯ ಚಪ್ಪಟೆ ಹಲಗೆ, ಮಳೆನೀರಿನ ಸಿಮೆಂಟ್ ಕೊಳವೆ, ಇವೆಲ್ಲವನ್ನೂ ಅದೇ ಎಚ್ಚರದಿಂದ ಕಾಣತಕ್ಕದ್ದು. ಇವುಗಳಲ್ಲಿ ಗಾರೆಯ ಹೊದಿಕೆಯೂ ಹಗ್ಗವೂ ಶೀಟಿಗಿಂತ ಹೆಚ್ಚು ಅಪಾಯಕರ. ಏಕೆಂದರೆ ಶೀಟಿನಲ್ಲಿ ಎಳೆಗಳನ್ನು ಸಿಮೆಂಟು ಹಿಡಿದಿರುವುದು, ಅವುಗಳಾದರೋ ಬೆರಳಿನ ಒತ್ತಡಕ್ಕೇ ಪುಡಿಯಾಗಿ ಉದುರುವುವು. ಹಳದಿಯಾಗಿ ಹೊಳೆಯುತ್ತ ಮೈಗೆ ತುರಿಕೆ ತರುವ ಗಾಜಿನ ಉಣ್ಣೆಯಾದರೋ ಬೇರೆ ವಸ್ತು. ಅಮೆರಿಕದಲ್ಲಿ ಹಳೆಯ ಮನೆ ಕೊಂಡಿರುವ ನಮ್ಮವರಿಗೂ ಒಂದು ಮಾತು ಸಲ್ಲುತ್ತದೆ: ಅಟ್ಟದಲ್ಲಿ ಬಂಗಾರದ ಕಂದುಬಣ್ಣದ, ಅಭ್ರಕದಂತೆ ಹೊಳೆಯುವ ಹರಳುಗಳು ಹರಡಿದ್ದರೆ ಅದು ವರ್ಮಿಕ್ಯುಲೈಟ್. ೧೯೯೦ರವರೆಗೆ ಗಣಿಗಾರಿಕೆ ನಡೆದ ಮೊಂಟಾನಾದ ಲಿಬಿ ಎಂಬ ಊರಿನ ವರ್ಮಿಕ್ಯುಲೈಟಿನಲ್ಲಿ ಕಲ್ನಾರು ಬೆರೆತಿತ್ತು. ಆದುದರಿಂದ ಅದನ್ನು ಕೆದಕದಿರುವುದೇ ಲೇಸು.

ಇಷ್ಟು ಲಕ್ಷಣಗಳನ್ನು ಹೇಳಿಯಾದ ಮೇಲೂ, ಕಣ್ಣು ಸಂಶಯವನ್ನು ಹುಟ್ಟಿಸಬಲ್ಲುದೇ ಹೊರತು ನಿರ್ಣಯವನ್ನು ಕೊಡಲಾರದೆಂಬುದನ್ನು ಒತ್ತಿ ಹೇಳಬೇಕು. ನಿರ್ಣಯವು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವುಳ್ಳ ಪ್ರಯೋಗಾಲಯಕ್ಕೆ ಸೇರಿದ್ದು. ಎಳೆ ಕಾಣುವುದೋ ಇಲ್ಲವೋ ನೋಡೋಣವೆಂದು ಶೀಟಿನ ಮೂಲೆಯನ್ನು ಮುರಿಯುವುದು ಪರೀಕ್ಷೆಯಲ್ಲ, ಅಪಾಯಕ್ಕೆ ಆಹ್ವಾನ.

ಹೀಗೆಂದು, ಸಂಶಯ ಬಂದೊಡನೆ ಸೂರನ್ನು ಕೀಳಬೇಕೆಂಬ ಗಾಬರಿ ಬೇಡ. ಗಟ್ಟಿಯಾಗಿ ಇದ್ದಲ್ಲಿಯೇ ಇರುವ ಶೀಟಿನಿಂದ ಹೊರಡುವ ಎಳೆಗಳು ಅತ್ಯಲ್ಪ. ಕೊರೆದಾಗ, ಗರಗಸ ಹಾಕಿದಾಗ, ಒಡೆದಾಗ, ಹಬ್ಬಕ್ಕೆ ಮುಂಚೆ ಪಾಚಿ ತೆಗೆಯಲು ತಂತಿಯ ಬ್ರಷ್ಷಿನಿಂದ ಉಜ್ಜಿದಾಗ ಏಳುವ ಧೂಳೇ ಮುಖ್ಯ ಶತ್ರು. ಬಿರುಗಾಳಿಗೆ ಕದಲಿದ ಶೀಟನ್ನು ಮೊದಲು ನೀರಿನಿಂದ ಚೆನ್ನಾಗಿ ತೋಯಿಸಿ, ಅದನ್ನು ಬಿಗಿದ ಜೆ ಬೋಲ್ಟುಗಳನ್ನು ಸಡಿಲಿಸಿ ಇಡಿಯಾಗಿ ಇಳಿಸಿ, ಚೂರುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿಡಬೇಕು. ಪುಡಿಯನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಮೂಗಿಗೆ ಕಟ್ಟಿದ ವಸ್ತ್ರ ಈ ಎಳೆಗಳನ್ನು ತಡೆಯದು; ಸೂಕ್ಷ್ಮಧೂಳಿಗೆಂದೇ ಮಾಡಿದ ಮುಖವಾಡ ಬೇಕು. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಒಗೆಯಬಾರದು. ಒಡೆದ ಚೂರುಗಳನ್ನು ಅಂಗಳದ ಹಳ್ಳ ಮುಚ್ಚುವುದಕ್ಕೋ ಹೊಲದ ದಾರಿಗೆ ಹಾಸುವುದಕ್ಕೋ ಬಳಸಿದರೆ, ಗಾಡಿಯ ಚಕ್ರವೂ ಮಕ್ಕಳ ಕಾಲೂ ಅವನ್ನು ದಿನದಿನವೂ ಪುಡಿಮಾಡುವುವು. ಅವುಗಳ ವಿಲೇವಾರಿಯ ಕ್ರಮವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸುವುದು ಯುಕ್ತ.

ಮನೆಯ ಯಜಮಾನನು ವರ್ಷಕ್ಕೊಮ್ಮೆ ಈ ಧೂಳನ್ನು ಕಂಡರೆ, ದಿನಗೂಲಿಗೆ ಶೀಟು ಕೊರೆಯುವ ಹುಡುಗನು ದಿನವೂ ಕಾಣುತ್ತಾನೆ. ಅವನು ಇಂದು ಕುಡಿದ ಧೂಳಿನ ಫಲ ಅವನ ಮಕ್ಕಳು ದೊಡ್ಡವರಾಗುವ ಕಾಲಕ್ಕೆ ತಿಳಿಯುವುದು. ಆದುದರಿಂದ ಕೆಲಸಕ್ಕೆ ಕರೆಯುವವರು ಕೂಲಿಯನ್ನು ಗೊತ್ತುಮಾಡುವಾಗಲೇ ನೀರನ್ನೂ ಮುಖವಾಡವನ್ನೂ ಒದಗಿಸುವ ಹೊಣೆಯನ್ನು ಹೊರಬೇಕು, ಹೊಸದಾಗಿ ಸೂರು ಹೊದಿಸುವವರು ಹೆಂಚನ್ನೋ ತಗಡನ್ನೋ ಕಲ್ನಾರಿಲ್ಲದ ಶೀಟನ್ನೋ ಕೇಳಿ ತರಬೇಕು, ಪಂಚಾಯಿತಿಗಳು ತಮ್ಮ ಊರಿನ ಶಾಲೆ ಅಂಗನವಾಡಿಗಳ ಸೂರನ್ನು ಮೊದಲು ಪರಿಶೀಲಿಸಬೇಕು. ಇದಕ್ಕೆ ಬೇಕಾದುದು ದೊಡ್ಡ ವಿದ್ಯೆಯಲ್ಲ. ಸುತ್ತಿಗೆ ಎತ್ತುವುದಕ್ಕೆ ಮುಂಚೆ ಒಂದು ಸಲ ತಲೆಯೆತ್ತಿ ನೋಡಿ, ಇದು ಕಲ್ನಾರೇ ಎಂದು ಕೇಳುವ ಅಭ್ಯಾಸ.